‘ರೊಯಲೆಕ್ಸ್ ಕೆನೂ, ಸಿಂಗಲ್ ಓನರ್’ ಅಂತ ಹೇಳಿದ್ರೆ ದುಡ್ಡು ಕೊಡೋ ಮೊದಲು ಇದನ್ನ ಓದಿ

ಸೆಕೆಂಡ್ ಹ್ಯಾಂಡ್ ಕೆನೂ (ಹುಟ್ಟು ಹಾಕಿ ಓಡಿಸೋ ಉದ್ದನೆಯ ತೆರೆದ ದೋಣಿ) ನೋಡ್ತಾ ಇರೋರಿಗೆ ಮೊದಲೇ ಹೇಳ್ತೀನಿ. ಹದಿನಾರು ಅಡಿ, ಹಸಿರು ಬಣ್ಣ, ಮುಂದಿನ ಮೂತಿಗೆ ಕಪ್ಪು ಪಟ್ಟಿ ಮೆತ್ತಿರೋದು, ‘ರೊಯಲೆಕ್ಸ್, 2019 ಮಾಡೆಲ್, ರೆಸಾರ್ಟ್‌ನಲ್ಲಿ ಓಡಿಸಿಲ್ಲ, ಒಂದೇ ಕೈ’ ಅಂತ ಯಾರಾದ್ರೂ ಬೆಂಗಳೂರಿನಿಂದ ಫೋಟೊ ಕಳಿಸಿದ್ರೆ ತಕ್ಷಣ ಅಡ್ವಾನ್ಸ್ ಹಾಕಬೇಡಿ. ನಾನು ಹಾಕಿದೆ. 10,000 ಫೋನಿನಲ್ಲಿ, ಮಿಕ್ಕ 58,000 ಗೋಡೌನ್ ಮುಂದೆ ನಿಂತುಕೊಂಡು. ಒಟ್ಟು 68,000. ಪಿಕಪ್ ಬಾಡಿಗೆ ಬೇರೆ.

ನಾಚಿಕೆ ಏನು ಗೊತ್ತಾ? ರೊಯಲೆಕ್ಸ್ ಅನ್ನೋ, ಕೆನೂ ಮಾಡೋಕೆ ಬಳಸೋ ಪ್ಲಾಸ್ಟಿಕ್ ಹಾಳೆ ತಯಾರಾಗೋದು 2014ಕ್ಕೇ ನಿಂತುಹೋಯ್ತು. ಅದನ್ನ ಮಾಡ್ತಿದ್ದ ಕಂಪನಿಯನ್ನ ಇನ್ನೊಂದು ಕಂಪನಿ ಕೊಂಡುಕೊಂಡು ಆ ವಿಭಾಗಾನೇ ಮುಚ್ಚಿಬಿಡ್ತು. ಅದರ ಜಾಗ ತುಂಬೋಕೆ ಆಮೇಲೆ ಕೆನಡಾದ ದೋಣಿ ಕಂಪನಿ ಎಸ್ಕಿಫ್‌ನವರು ಟಿ-ಫಾರ್ಮೆಕ್ಸ್ ಅನ್ನೋದನ್ನ ತಂದ್ರು. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಗೊತ್ತಿತ್ತು. ಗೊತ್ತಿದ್ದೂ ‘2019 ಹೇಗೆ ಸಾಧ್ಯ?’ ಅಂತ ಕೇಳಿದ್ದಕ್ಕೆ ಮಾರಿದೋರು ಹೇಳಿದ್ದು: “ಓಲ್ಡ್ ಸ್ಟಾಕ್ ಶೀಟ್ ಸಾರ್. ಕಂಪನಿಯವರು ಎತ್ತಿಟ್ಟಿದ್ರು, 2019ರಲ್ಲಿ ದೋಣಿ ಮಾಡಿದ್ರು.” ನಾನು ಹೌದಾ ಅಂದೆ. ಹೌದಾ ಅಂದುಬಿಟ್ಟೆ!

ದೋಣಿ ಯಾವ ಪ್ಲಾಸ್ಟಿಕ್ಕಿಂದು ಅಂತ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ ಅಂದ್ರೆ, ರಿಪೇರಿಯ ಮಾತು ಪೂರ್ತಿ ಅದರ ಮೇಲೇ ನಿಂತಿದೆ. ರೊಯಲೆಕ್ಸ್ ಅಂದ್ರೆ ನಡುವೆ ನೊರೆಯಂಥ ಎಬಿಎಸ್ (ಒಂದು ಜಾತಿ ಪ್ಲಾಸ್ಟಿಕ್) ತಿರುಳು, ಎರಡೂ ಕಡೆ ಗಟ್ಟಿ ಎಬಿಎಸ್, ಎಲ್ಲಕ್ಕಿಂತ ಮೇಲೆ ತೆಳು ವಿನೈಲ್ ಚರ್ಮ. ಇದಕ್ಕೆ ಎಪಾಕ್ಸಿ ಅಂಟು ಕಚ್ಚುತ್ತೆ. ಬಿರುಕಿಗೆ ಎಪಾಕ್ಸಿ ತುಂಬಿ, ಮೇಲೆ ಬಟ್ಟೆ ಹಾಸಿ, ಮೂತಿಗೆ ಕೆವ್ಲಾರ್ ಅನ್ನೋ ಗಟ್ಟಿ ನಾರಿನ ಪಟ್ಟಿ ಹಾಕಿದ್ರೆ ವರ್ಷಗಟ್ಟಲೆ ಓಡುತ್ತೆ. ಹಾಗಾಗಿ ‘ಮುಂದುಗಡೆ ಸಣ್ಣ ಎಪಾಕ್ಸಿ ಕೆಲಸ ಆಗಿದೆ ಸಾರ್, ಫ್ಯಾಕ್ಟರಿ ಫಿನಿಶ್ಶು, ಮೇಲೆ ಸ್ಕಿಡ್ ಪ್ಲೇಟ್ ಹಾಕಿಸಿದ್ದೀನಿ’ ಅಂತ ಅವರು ಅಂದಾಗ ಅದು ತಪ್ಪಾಗಿ ಕೇಳಿಸಲಿಲ್ಲ. ಸ್ಕಿಡ್ ಪ್ಲೇಟ್ ಅಂದ್ರೆ ಮೂತಿ ಸವೆಯದ ಹಾಗೆ ಮೆತ್ತೋದು, ಆ ಕಪ್ಪು ಪಟ್ಟಿನೇ. ರೊಯಲೆಕ್ಸ್‌ಗೆ ಹಾಗೇ ಮಾಡೋದು. ಆದರೆ ಪಾಲಿಎಥಿಲೀನ್ ಅನ್ನೋ ಬೇರೆ ಪ್ಲಾಸ್ಟಿಕ್ಕಿನ ದೋಣಿಗೆ ಎಪಾಕ್ಸಿ, ರೆಸಿನ್, ಎಂ-ಸೀಲ್ ಯಾವುದನ್ನ ಹಾಗೇ ಹಚ್ಚಿದ್ರೂ ಕಚ್ಚಲ್ಲ. ಮೇಣದ ಮೇಲೆ ಅಂಟು ಹಚ್ಚಿದ ಹಾಗೆ. ಒಣಗಿ ಗಟ್ಟಿಯಾಗಿ ಕೂತಿರುತ್ತೆ, ನೋಡೋಕೆ ಭದ್ರ. ದೋಣಿ ಒಂದು ಸಲ ಬಾಗಿದ್ರೆ ಸಾಕು, ಅಂಚಿನಿಂದ ಎದ್ದು ಬರುತ್ತೆ. ಒಂದು ಸುಳ್ಳು ಹೇಳಿದ್ದು ಇನ್ನೊಂದು ಸುಳ್ಳಿಗೆ ದಾರಿ ಆಗಲಿ ಅಂತಾನೇ.

ನೀರಿಗಿಳಿಸಿದ್ದು ನವೆಂಬರಿನಲ್ಲಿ, ಕಾವೇರಿಯಲ್ಲಿ, ಶ್ರೀರಂಗಪಟ್ಟಣದ ಸಂಗಮ ದಾಟಿ ಕೆಳಗೆ. ಕೆಆರ್‌ಎಸ್ ಹೊರಹರಿವು ನೋಡಿಕೊಂಡೇ ಇಳಿದಿದ್ದು, ಆ ವಿಷಯದಲ್ಲಿ ತಪ್ಪಿಲ್ಲ. ಸುಲಭದ ಸೆಳವು: ಒಂದನೇ ದರ್ಜೆ, ಅಲ್ಲಲ್ಲಿ ಎರಡನೇ ದರ್ಜೆಯ ರ‍್ಯಾಪಿಡ್ಸು. ಬಂಡೆಗಳ ನಡುವೆ ನೀರು ನುಣ್ಣಗೆ ನಾಲಗೆ ಚಾಚಿದ ಹಾಗೆ ಇಳಿಯುತ್ತೆ, ಆ ನಾಲಗೆ ಹಿಡಿದು ಹೋದ್ರೆ ಕೆಳಗೆ ಮಡು. ಇಬ್ಬರು, ಸಾಮಾನು ಸೇರಿ 165 ಕಿಲೋ. ಹದಿನಾರು ಅಡಿ ಕೆನೂಗೆ ಇದು ಭಾರವೇ ಅಲ್ಲ. ಮೊದಲನೇ ಇಳಿತ ಸರಿಹೋಯ್ತು. ಎರಡನೇದರಲ್ಲಿ ಮೂತಿಯ ಎಡಬದಿ ಬಂಡೆಗೆ ಸವರಿತು. ಗುದ್ದಿದ್ದಲ್ಲ, ಸವರಿದ್ದು. ಇಂಥ ನದಿಯಲ್ಲಿ ಕೆನೂ ದಿನಕ್ಕೆ ಹತ್ತು ಸಲ ಬಂಡೆ ಸವರುತ್ತೆ, ಅದಕ್ಕೇ ಅಲ್ವಾ ಪ್ಲಾಸ್ಟಿಕ್ ದೋಣಿ ತಗೊಳ್ಳೋದು?

ಮುಂದೆ ಕೂತವರ ಮಂಡಿ ಹತ್ರ ನೀರು. ಎರಡು ನಿಮಿಷಕ್ಕೆ ಹಿಂದಿನ ಸೀಟಿನವರೆಗೂ ನೀರು. ಒಳಗೆ ನೀರು ನಿಂತ ಕೆನೂ ಎಷ್ಟು ಕೆಟ್ಟದಾಗಿ ನಡೆದುಕೊಳ್ಳುತ್ತೆ ಅಂತ ಓಡಿಸೋರಿಗೆ ಗೊತ್ತಿದೆ. ಒಂದು ಕಡೆ ಸ್ವಲ್ಪ ವಾಲಿದ್ರೆ ನೀರೆಲ್ಲ ಆ ಕಡೆಗೇ ನುಗ್ಗಿ ಇನ್ನಷ್ಟು ವಾಲಿಸುತ್ತೆ. 500 ಲೀಟರ್ ತುಂಬಿದ್ರೆ ಅರ್ಧ ಟನ್. ಅದು ಸೆಳವಿನಲ್ಲಿ ಬರ್ತಾ ಇರುವಾಗ ದೋಣಿಗೂ ಬಂಡೆಗೂ ನಡುವೆ ಮನುಷ್ಯ ಸಿಕ್ಕಿಕೊಂಡ್ರೆ ಕಥೆ ಮುಗೀತು. ಅದಕ್ಕೇ ಇಳಿದವರು ದೋಣಿಯ ಮೇಲ್ಗಡೆ, ಅಂದ್ರೆ ನೀರು ಬರೋ ದಿಕ್ಕಿನಲ್ಲಿ ಇರಬೇಕು. ಯಾವತ್ತೂ ಕೆಳಗಡೆ ನಿಲ್ಲಬಾರದು. ಪುಣ್ಯಕ್ಕೆ ಕೆಳಗೆ ಮಡು ಇತ್ತು, ದಡಕ್ಕೆ ಎಳೆದದ್ದಾಯ್ತು. ಕೆಳಗಿದ್ದದ್ದು ಮಡು ಅಲ್ಲದೆ ಒಡ್ಡು ಆಗಿದ್ದಿದ್ರೆ? ಒಡ್ಡಿನ ಕಾಲಡಿ ನೀರು ಹಿಂದಕ್ಕೆ ಸುತ್ತುತ್ತೆ, ಸಿಕ್ಕಿದ್ದನ್ನ ಬಿಡಲ್ಲ. ಈ ನದಿಯಲ್ಲಿ ಒಡ್ಡುಗಳಿಗೆ ಬರ ಇಲ್ಲ.

ದಡದಲ್ಲಿ ಬೋರಲು ಹಾಕಿ ನೋಡಿದ್ರೆ ಆ ಕಪ್ಪು ಪಟ್ಟಿಯ ಒಂದು ಮೂಲೆ ಎದ್ದಿತ್ತು. ಹಿಡಿದು ಎಳೆದೆ. ಪೂರ್ತಿ ಪಟ್ಟಿ ಹಪ್ಪಳದ ಹಾಗೆ ಒಂದೇ ತುಂಡಾಗಿ ಕೈಗೆ ಬಂತು. ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗೆ ಆಗಿದ್ದು ಅಲ್ಲೇ. ಬಿರುಕು ಕಂಡಿದ್ದಕ್ಕಲ್ಲ, ಬಿರುಕು 22 ಸೆಂಟಿಮೀಟರ್ ಇತ್ತು, ಅದು ಆಮೇಲೆ. ಪಟ್ಟಿ ಎದ್ದ ಜಾಗ ನುಣ್ಣಗೆ ಹೊಳೀತಾ ಇತ್ತು, ಅದಕ್ಕೆ. ಒಂದು ಚೂರು ಅಂಟು ಉಳಿದಿಲ್ಲ. ಅಂಟು ಕಚ್ಚಿದ ಪಟ್ಟಿ ಕಿತ್ತರೆ ಚರ್ಮ ಸುಲಿದ ಹಾಗೆ ಗುರುತು ಬಿಡುತ್ತೆ. ಇದು ಏನೂ ಬಿಟ್ಟಿರಲಿಲ್ಲ. ಅಂದ್ರೆ ಪಾಲಿಎಥಿಲೀನ್. ಬಂಡೆ ಸವರಿದ ಗೀರಿನಲ್ಲಿ ಸಣ್ಣ ಸಣ್ಣ ಕೂದಲಿನ ಹಾಗೆ ಸುರುಳಿ ಎದ್ದಿತ್ತು. ಅದೂ ಪಾಲಿಎಥಿಲೀನಿನದೇ ಲಕ್ಷಣ. ರೊಯಲೆಕ್ಸ್ ಆಗಿದ್ರೆ ಗೀರಿನೊಳಗೆ ಬೇರೆ ಬಣ್ಣದ ಪದರ ಕಾಣಿಸ್ತಿತ್ತು. ಇನ್ನು ಅವರು ಹೇಳಿದ ಸ್ಕಿಡ್ ಪ್ಲೇಟು? ಬಸ್ ಬಾಡಿ ಕಟ್ಟೋರು ಬಳಸೋ ಫೈಬರ್ ಮ್ಯಾಟು, ರೆಸಿನ್ನು, ಮೇಲೆ ಕರಿ ಪೇಂಟು. ಬಿರುಕಿನೊಳಗೆ ಎಂ-ಸೀಲು.

ನಮ್ಮ ಹರಿಗೋಲಿನವರೇ ವಾಸಿ. ತಳ ತೂತಾದ್ರೆ ತೂತಾಗಿದೆ ಅಂತಾರೆ, ಎದುರಿಗೇ ಡಾಂಬರು ಬಳಿದು ಮುಚ್ಚುತಾರೆ.

ಮಾತುಕತೆಗೆ ಬರ್ತೀನಿ. ದಡದಿಂದಲೇ ಫೋಟೊ ಕಳಿಸಿದೆ. ನೀಲಿ ಟಿಕ್ಕು ಬಂತು, ಉತ್ತರ ಇಲ್ಲ. ಸಂಜೆ ಫೋನ್ ಎತ್ತಿದ್ರು.

“ಸಾರ್, ನೀವು ಕಲ್ಲಿಗೆ ಹೊಡೆದಿರ್ತೀರ.”

ಹೊಡೆದಿಲ್ಲ, ಪಟ್ಟಿ ಕೈಯಲ್ಲೇ ಬಂತು, ಇದು ರೊಯಲೆಕ್ಸೇ ಅಲ್ಲ ಅಂದೆ.

“ಅದು ರೊಯಲೆಕ್ಸ್ ಥರದ್ದೇ ಸಾರ್. ಎರಡೂ ಮೂರು ಲೇಯರ್ರೇ ಅಲ್ವಾ?”

ಮೂರು ಲೇಯರ್! ನಡುವೆ ನೊರೆ ಇಟ್ಟ ಮೂರು ಪದರದ ಪಾಲಿಎಥಿಲೀನ್ ಅಂತ ಇದೆ, ಒಳ್ಳೇ ದೋಣಿನೇ, ಅದನ್ನ ಅದರ ಹೆಸರು ಹೇಳಿ ಅದರ ಬೆಲೆಗೆ ಮಾರಬೇಕು. ಮೂರು ಪದರ ಇದೆ ಅಂತ ಕೊಬ್ಬರಿ ಮಿಠಾಯಿನೂ ರೊಯಲೆಕ್ಸ್ ಆಗುತ್ತಾ?

“ಯೂಸ್ಡ್ ಐಟಮ್ ಸಾರ್. ಕಾರ್ ತಗೊಂಡು ಗುಂಡಿಗೆ ಇಳಿಸಿ ಆಮೇಲೆ ಮಾರಿದೋರ್ನ ಕೇಳ್ತೀರಾ? ನೀವೇ ನೋಡ್ಕೊಂಡು ತಗೊಂಡಿದ್ದು.”

ಈ ಕೊನೇ ಮಾತು ಇದೆಯಲ್ಲ, ಇದೇ ಉರೀತಾ ಇರೋದು. ನೋಡಿಕೊಂಡೇ ತಗೊಂಡೆ. ಗೋಡೌನಿನಲ್ಲಿ ಇಬ್ಬರು ಎತ್ತಿದಾಗ ಭಾರ ಅನ್ನಿಸ್ತು, ಹೇಳಿದೆ ಕೂಡ. “ಮಳೇಲಿ ಹೊರಗಿತ್ತು ಸಾರ್, ನೀರು ಕುಡಿದಿದೆ. ಒಣಗಿದ್ರೆ ಹಗುರ ಆಗುತ್ತೆ” ಅಂದ್ರು. ಪ್ಲಾಸ್ಟಿಕ್ಕು ನೀರು ಕುಡಿಯುತ್ತಂತೆ! ನಾನು ತಲೆ ಆಡಿಸಿದೆ. ಆಮೇಲೆ ತೂಗಿದ್ರೆ 41 ಕಿಲೋ. ಹದಿನಾರು ಅಡಿಯ ರೊಯಲೆಕ್ಸ್ ಸುಮಾರು 26ರಿಂದ 33 ಕಿಲೋ ಒಳಗೆ ಇರುತ್ತೆ. ಪಾಲಿಎಥಿಲೀನಿನದು 36 ದಾಟೋದು ಮಾಮೂಲು. ನೂರಾರು ರೂಪಾಯಿಗೆ ಸಿಗೋ ಲಗೇಜ್ ತಕ್ಕಡಿ ಜೇಬಿನಲ್ಲಿದ್ದಿದ್ರೆ ಮುಂದಿನ ತುದಿ ಒಂದು ಸಲ, ಹಿಂದಿನ ತುದಿ ಒಂದು ಸಲ ಎತ್ತಿ ಎರಡನ್ನೂ ಕೂಡಿಸಿದ್ರೆ ಮುಗೀತಿತ್ತು. ಇರಲಿಲ್ಲ.

ವರ್ಷದ ವಿಷಯ ಇನ್ನೂ ಇದೆ. ಅಮೆರಿಕದಲ್ಲಿ ತಯಾರಾದ ದೋಣಿಗಳ ಹಿಂಭಾಗದಲ್ಲಿ ಬಲಗಡೆ, ಅಂಚಿನ ಪಟ್ಟಿಯ ಕೆಳಗೆ 12 ಅಕ್ಷರ-ಅಂಕಿಗಳ ಗುರುತು ಇರುತ್ತೆ. ಮೊದಲ ಮೂರು ತಯಾರಕರದ್ದು, ನಡುವಿನ ಐದು ಸೀರಿಯಲ್. ಕೊನೆಯ ನಾಲ್ಕೇ ನಮಗೆ ಬೇಕಾದ್ದು: ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ (ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೆ), ತಯಾರಾದ ವರ್ಷದ ಕೊನೆಯ ಅಂಕಿ, ಆಮೇಲೆ ಮಾಡೆಲ್ ವರ್ಷದ ಎರಡು ಅಂಕಿ. ಈ ದೋಣಿಯಲ್ಲಿ ಆ ಜಾಗದಲ್ಲಿ ಮೀನಿನ ಚಿತ್ರದ ಸ್ಟಿಕ್ಕರ್ ಇತ್ತು. ಚೆನ್ನಾಗಿದೆ ಅಂದುಕೊಂಡಿದ್ದೆ. ಮನೆಯಲ್ಲಿ ಪೈಪ್ ಹಿಡಿದು ಮಣ್ಣು ತೊಳೀತಾ ಇದ್ದಾಗ ಮೀನು ಕಳಚಿಕೊಂಡು ಕೆಳಗೆ ಬಿತ್ತು. ಕೆಳಗೆ ‘ಎಚ್ 809’. 2008ರ ಆಗಸ್ಟ್, 2009ರ ಮಾಡೆಲ್. ಅದರ ಫೋಟೊ ಕಳಿಸಿದ್ದಕ್ಕೆ ಬಂದ ಉತ್ತರ: “ಅದು ಬರೀ ಸೀರಿಯಲ್ ನಂಬರ್ ಸಾರ್, ಎಲ್ಲಾದಕ್ಕೂ ಇರುತ್ತೆ.” ಬರೀ ಸೀರಿಯಲ್ ನಂಬರ್ ಆಗಿದ್ರೆ ಅದರ ಮೇಲೆ ಮೀನು ಅಂಟಿಸಿದ್ದು ಯಾಕೆ ಅಂತ ಕೇಳಿದೆ. ಅಲ್ಲಿಂದ ನನ್ನ ನಂಬರ್ ಬ್ಲಾಕು.

ಜೊತೆಗೆ ‘ಫ್ರೀ’ ಕೊಟ್ಟದ್ದನ್ನೂ ಹೇಳಿಬಿಡ್ತೀನಿ. ದೋಣಿ ಮುಳುಗದ ಹಾಗೆ ಒಳಗೆ ಕಟ್ಟೋ ಗಾಳಿಚೀಲ ಅಂದದ್ದು ಎರಡು ಹಳೇ ಲಾರಿ ಟ್ಯೂಬು, ಕಟ್ಟೋಕೆ ಹಗ್ಗದ ಕೊಂಡಿನೂ ಇಲ್ಲ. ಹುಟ್ಟು ಎರಡು ಕೊಟ್ರು, ಎರಡೂ ಕಯಾಕಿನ ಜೋಡಿ ಅಲಗಿನವು, ಕೆನೂಗೆ ಬೇಕಾದ ಒಂಟಿ ಅಲಗಿನವಲ್ಲ. ಲೈಫ್ ಜಾಕೆಟ್ಟಿನ ಒಳಗೆ ಪುಡಿಯಾದ ಥರ್ಮಾಕೋಲು. ತೇಲು ಬಲ 50 ನ್ಯೂಟನ್ ಅಂತ ಬರೆದಿರೋ ಜಾಕೆಟ್ಟಿಗೆ 5 ಕಿಲೋ ಕಬ್ಬಿಣದ ತೂಕ ಕಟ್ಟಿ ಬಿಟ್ರೂ ತೇಲಬೇಕು. ಇದು ಆ ತೂಕಕ್ಕೆ ತೊಟ್ಟಿಯಲ್ಲಿ ಮುಳುಗಿ ತಳ ಸೇರ್ತು. ನದಿಗೆ ಸ್ವಂತ ಜಾಕೆಟ್ ಹಾಕಿಕೊಂಡು ಹೋಗಿದ್ದಕ್ಕೆ ಬರೀತಾ ಇದ್ದೀನಿ.

ನೀವು ನೋಡೋಕೆ ಹೋದ್ರೆ ಒಂದು ತಕ್ಕಡಿ, ಒಂದು ಸಣ್ಣ ಬಾಟಲಿ ಅಸಿಟೋನ್, ಹತ್ತಿ ತಗೊಂಡು ಹೋಗಿ. ಕಣ್ಣಿಗೆ ಬೀಳದ ಜಾಗದ ಗೀರಿಗೆ ಅಸಿಟೋನ್ ಒರೆಸಿ. ಎಬಿಎಸ್ ಅಂಟಂಟಾಗುತ್ತೆ, ಪಾಲಿಎಥಿಲೀನಿಗೆ ಏನೂ ಆಗಲ್ಲ. ಮಾರೋರು ಬೇಡ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಎರಡು ಬಕೆಟ್ ನೀರು ಒಳಗೆ ಸುರಿದು ಒಂದೊಂದು ಕಡೆಗೆ ವಾಲಿಸಿ ಹತ್ತು ಹತ್ತು ನಿಮಿಷ ಬಿಡಿ, ದೋಣಿ ತುಂಬಾ ನೀರು ತುಂಬಿಸಬೇಡಿ, ಸ್ಟ್ಯಾಂಡ್ ಮೇಲೆ ಆ ಭಾರಕ್ಕೇ ಸೊಟ್ಟಗಾಗುತ್ತೆ. ಬೋರಲು ಹಾಕಿ ತುದಿಯಿಂದ ತುದಿಗೆ ದಾರ ಎಳೆದು ತಳದ ನೇರ ನೋಡಿ. ನೊಗದ (ನಡುವಿನ ಅಡ್ಡಪಟ್ಟಿಯ) ಬೋಲ್ಟ್ ಅಲ್ಲಾಡಿಸಿ. ಮೂತಿಗೆ ಏನಾದ್ರೂ ಮೆತ್ತಿದ್ರೆ ಅದರ ಅಂಚಿಗೆ ಉಗುರು ಹಾಕಿ, ಮುಜುಗರ ಪಡಬೇಡಿ. ನಾನು ಮುಜುಗರ ಪಟ್ಟೆ. ಸ್ಟಿಕ್ಕರ್ ಇದ್ರೆ ಕಿತ್ತು ನೋಡಿ.

ಈಗಾಗಲೇ ಸಿಕ್ಕಿಕೊಂಡಿದ್ರೆ: ಬಿರುಕಿನ ಎರಡೂ ತುದಿಗೆ 5 ಮಿಲಿಮೀಟರ್ ತೂತು ಕೊರೀರಿ, ಇಲ್ಲದಿದ್ರೆ ಮುಂದಕ್ಕೆ ಓಡುತ್ತೆ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಇಟ್ಟು ಹಾಟ್ ಏರ್ ಗನ್‌ನಿಂದ ವೆಲ್ಡ್ ಮಾಡಬಹುದು, ಆದರೆ ಮೂರು ಪದರದ್ದಾದ್ರೆ ನಡುವಿನ ನೊರೆ ಪದರಕ್ಕೆ ಬಿಸಿ ಹೆಚ್ಚಾದ್ರೆ ಕುಸಿದು ಗುಂಡಿ ಬೀಳುತ್ತೆ, ರೂಢಿ ಇಲ್ಲದೋರು ಕೈ ಹಾಕಬೇಡಿ. ಕ್ರಾಸ್‌ಲಿಂಕ್ ಪಾಲಿಎಥಿಲೀನ್ (ಅಣುಗಳು ಒಂದಕ್ಕೊಂದು ಹೆಣೆದುಕೊಂಡ ಜಾತಿ) ಆಗಿದ್ರೆ ಅದು ಕರಗೋದೇ ಇಲ್ಲ. ಇನ್ನೊಂದು ದಾರಿ: ಬ್ಲೋ ಟಾರ್ಚಿನ ನೀಲಿ ಜ್ವಾಲೆಯನ್ನ ಮೇಲ್ಮೈ ಮೇಲೆ ಬೇಗ ಬೇಗ ಆಡಿಸಿ, ನೀರು ಚಿಮುಕಿಸಿ. ನೀರು ಹನಿಹನಿಯಾಗಿ ನಿಂತ್ರೆ ಇನ್ನೂ ಆಗಿಲ್ಲ, ಹಾಳೆಯ ಹಾಗೆ ಹರಡಿದ್ರೆ ಆಯ್ತು. ಒರೆಸಿ ಒಣಗಿಸಿ, ಬಗ್ಗೋ ಜಾತಿಯ ಎಪಾಕ್ಸಿ ಹಚ್ಚಿ. ಆಗ ಮಾತ್ರ ಕಚ್ಚುತ್ತೆ. ನದಿ ದಡದಲ್ಲಿ ತುರ್ತಿಗೆ ತಾರಸಿ ಸೋರಿಕೆಗೆ ಹಾಕ್ತಾರಲ್ಲ, ಆ ಬಿಟುಮಿನ್ ಟೇಪು. ಚೆನ್ನಾಗಿ ಒಣಗಿಸಿ ಒಳಗೂ ಹೊರಗೂ ಅಂಟಿಸಿದ್ರೆ ಮನೆ ಸೇರಿಸುತ್ತೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಬಿಲ್ ಇದೆಯಾ ಅಂತ ಕೇಳಿದ್ರು. ಬಿಲ್ಲು ಎಲ್ಲಿಂದ ತರಲಿ, “ಬಿಲ್ ಹಾಕಿದ್ರೆ ಜಿಎಸ್‌ಟಿ ಆಗುತ್ತೆ ಸಾರ್, ಸುಮ್ನೆ ನಿಮಗೇ ಜಾಸ್ತಿ” ಅಂದಾಗ ಸರಿ ಅಂದಿದ್ದೂ ನಾನೇ. ಯುಪಿಐ ರಸೀದಿ, ಮೆಸೇಜುಗಳ ಸ್ಕ್ರೀನ್‌ಶಾಟು ಇವೆ, ಅಷ್ಟೇ.

ನಿನ್ನೆ ಸ್ನೇಹಿತರ ಫೋನಿನಿಂದ ಅವರ ಹೊಸ ಜಾಹೀರಾತು ನೋಡಿದೆ. ಅದೇ ಗೋಡೌನು, ಹಿಂದೆ ಅದೇ ನೀಲಿ ಸಿಂಟೆಕ್ಸ್ ತೊಟ್ಟಿ, ಈ ಸಲ ಕೆಂಪು ದೋಣಿ. ಹಿಂಭಾಗದ ಬಲಗಡೆ ಈಗ ಹುಲಿ ಸ್ಟಿಕ್ಕರ್. ‘ರೊಯಲೆಕ್ಸ್, 2021 ಮಾಡೆಲ್, ಸಿಂಗಲ್ ಓನರ್.’