ಹಿಟಾಚಿ ಸ್ಲೋ ಆದ್ರೆ ಪಂಪ್ ಬಿಚ್ಚಿಸೋಕೆ ಮುಂಚೆ ಇದನ್ನ ಓದಿ, ಒಂದು ಕರೆಂಟ್ ವೈರ್ ದೆಸೆಯಿಂದ ನಾನು 2,40,000 ಕಳ್ಕೊಂಡಿದೀನಿ

ಮಷೀನ್ ಇಟ್ಕೊಂಡಿರೋರು, ಲೋನ್ ಮಾಡಿ ಸೆಕೆಂಡ್ ಹ್ಯಾಂಡಲ್ಲಿ ತಗೋಬೇಕು ಅಂತ ಇರೋರು ದಯವಿಟ್ಟು ಪೂರ್ತಿ ಓದಿ. ನಮ್ ಕಡೆ ಮಣ್ಣು ಅಗೆಯೋ ಚೈನ್ ಮಷೀನ್ ಯಾವ ಕಂಪ್ನಿದಾದ್ರೂ ಹಿಟಾಚಿ ಅಂತಾನೇ ಅನ್ನೋದು, ನಂದು 20 ಟನ್ನಿನ ಮಷೀನು, ಕಂಪ್ನಿ ಹೆಸರು ಬೇಡ ಯಾಕಂದ್ರೆ ತಪ್ಪು ಮಷೀನಿಂದಲ್ಲ. ಒಂದು ವೈರ್ ಸವೆದಿದ್ದಕ್ಕೆ ಮೇನ್ ಪಂಪ್ (ಹೈಡ್ರಾಲಿಕ್ ಎಣ್ಣೆ ತಳ್ಳಿ ಇಡೀ ಮಷೀನ್ ಆಡಿಸೋ ಪಂಪು) ಬಿಚ್ಚಿಸಿ 2,40,000 ಸುರಿದೆ, ಮೇಲಿಂದ 26 ದಿನ ಮಷೀನ್ ನಿಂತಿತ್ತು, ಅದೂ ಬೇಸಿಗೇಲಿ, ಕೆರೆ ಹೂಳೆತ್ತೋ ಕೆಲಸ ಜೋರಾಗಿ ನಡೀತಿರೋವಾಗ.

ಶಿರಾ ಹತ್ರ ಕೆಲಸ. ಬೆಳಿಗ್ಗೆ ಏಳಕ್ಕೆ ಸ್ಟಾರ್ಟ್ ಮಾಡಿದ್ರೆ ಒಂಬತ್ತೂವರೆವರೆಗೂ ಚೆನ್ನಾಗೇ ಇರೋದು, ಬಿಸಿ ಏರಿದ್ಮೇಲೆ ಬೂಮು (ದೊಡ್ಡ ಕೈ), ಆರ್ಮು (ಮುಂದಿನ ಕೈ), ಸ್ವಿಂಗು (ಮೇಲ್ಭಾಗ ತಿರುಗೋದು), ಚೈನು ಎಲ್ಲಾ ಒಟ್ಟಿಗೇ ಸ್ಲೋ. ಇಂಜಿನ್ ಸೌಂಡ್ ಮಾತ್ರ ಹಗುರಾಗಿ ಇರ್ತಿತ್ತು, ಲೋಡೇ ತಗೋತಿರ್ಲಿಲ್ಲ. ಆಪರೇಟರ್ ಹುಡುಗ ಮೊದಲ ದಿನವೇ ಹೇಳಿದ್ದ, "ಅಣ್ಣಾ, ಇದು ನಿಧಾನಕ್ಕೆ ಇಳೀತಾ ಇಲ್ಲ, ಸ್ವಿಚ್ ಆಫ್ ಮಾಡ್ದಂಗೆ ತಟ್ಟಂತ ಬಿದ್ದೋಗ್ತದೆ, ಕೀ ಆಫ್ ಮಾಡಿ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ಸರಿಹೋಗ್ತದೆ, ಆವಾಗ ಮಾನಿಟರಲ್ಲಿ ಏನೋ ಒಂದು ಗುರ್ತು ಬಂದು ಹೋಗ್ತದೆ" ಅಂತ. ಇಡೀ ವಿಷಯ ಈ ಒಂದು ಮಾತಲ್ಲೇ ಇತ್ತು, ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ.

ಬಂದ ಮೆಕ್ಯಾನಿಕ್ ಹದಿನೈದು ವರ್ಷದ ಅನುಭವ ಇರೋರು. ಎಣ್ಣೆ ಬಿಸಿಯಾದ್ರೆ ತೆಳ್ಳಗಾಗುತ್ತೆ, ಪಂಪ್ ಒಳಗೆ ಸವೆದಿದ್ರೆ ಪ್ರೆಷರ್ ಒಳಗೇ ಲೀಕ್ ಆಗೋಗುತ್ತೆ, ಅದಕ್ಕೇ ಬಿಸೀಲಿ ಸ್ಲೋ ಅಂದ್ರು. ಈ ಮಾತು ಸುಳ್ಳಲ್ಲ, ಸವೆದ ಪಂಪ್ ಹಾಗೇ ಮಾಡೋದು, ಅದಕ್ಕೇ ನಾನೂ ನಂಬಿದ್ದು. ಆದ್ರೆ ಒಂದು ಗೇಜ್ ಹಾಕಿ ಪೈಲಟ್ ಪ್ರೆಷರ್ (ಲಿವರ್ ತಳ್ಳಿದಾಗ ವಾಲ್ವ್ ಸರಿಸೋ ಸಣ್ಣ ಪ್ರೆಷರ್) ನೋಡ್ಲಿಲ್ಲ, ಪಂಪಿನ ಡ್ರೈನ್ ಹೋಸ್ ಬಿಚ್ಚಿ ನಿಮಿಷಕ್ಕೆ ಎಷ್ಟು ಎಣ್ಣೆ ವಾಪಸ್ ಬರುತ್ತೆ ಅಂತ ಅಳೀಲಿಲ್ಲ, ಏನು ಕೆಟ್ಟಿದೆ ಅಂತ ಮಷೀನೇ ಬರೆದಿಟ್ಕೊಳ್ಳೋ ಕೋಡನ್ನ ಮಾನಿಟರಲ್ಲಿ ತೆಗೆದು ನೋಡ್ಲಿಲ್ಲ. ನೇರ ಪಂಪ್ ಇಳಿಸಿದ್ರು. ಕಿಟ್ಟು, ಲೇಬರ್ರು, ಹೊಸಾ ಎಣ್ಣೆ ಬ್ಯಾರಲ್ಲು ಎಲ್ಲಾ ಸೇರಿ ಆ ದುಡ್ಡು, 17 ದಿನ. ಕೂರಿಸಿದ ಮೊದಲ ದಿನ ಒಂಬತ್ತೂವರೆಗೆ ಮತ್ತೆ ಅದೇ ಕಥೆ. ಆವತ್ತು ನಾನು ಆ ಕೆರೆ ಏರಿ ಮೇಲೆ ಸುಮ್ನೆ ಕೂತ್ಬಿಟ್ಟೆ, ಮನೆಗೆ ಫೋನ್ ಮಾಡೋಕೂ ಧೈರ್ಯ ಬರ್ಲಿಲ್ಲ.

ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಬಂದ, ಲಾರಿ ಕೆಲಸ ಮಾಡೋನು. ಟೆಸ್ಟ್ ಬಲ್ಬು, ಒಂದು ಪಿನ್ನು, ಇಷ್ಟೇ ಅವನ ಸಾಮಾನು. ಸಿಕ್ಕಸಿಕ್ಕ ವೈರಿಗೆ ಪಿನ್ ಚುಚ್ಚಿದ, ಬ್ಯಾಟ್ರಿಯಿಂದ ನೇರ 24 ವೋಲ್ಟ್ ಎಳೆದು ಅಲ್ಲಲ್ಲಿ ತಾಗಿಸಿ ನೋಡ್ದ. ಲಾರಿ ಲೈಟಿಗೆ ಅದು ನಡಿಯುತ್ತೆ, ಇಲ್ಲಿ ನಡಿಯಲ್ಲ. ಪ್ರೆಷರ್ ಸೆನ್ಸರಿಗೆ ಹೋಗೋದು 5 ವೋಲ್ಟ್ ಮಾತ್ರ, ಸಿಗ್ನಲ್ ವಾಪಸ್ ಬರೋದು ಅರ್ಧ ವೋಲ್ಟಿಂದ ನಾಲ್ಕೂವರೆ ಒಳಗೆ. ಅದಕ್ಕೆ 24 ತಾಗಿಸಿದ್ರೆ ಏನಾಗುತ್ತೆ ಹೇಳಿ. ಒಂದು ಸೆನ್ಸರ್ ಒಳಗೇ ಶಾರ್ಟ್ ಆಯ್ತು, ಬೇರೆ ಸೆನ್ಸರುಗಳಿಗೂ ಅದೇ 5 ವೋಲ್ಟ್ ಲೈನ್ ಹೋಗೋದ್ರಿಂದ ಎಲ್ಲಾ ಸತ್ತಂಗೆ ಕಾಣ್ತು, ಮಾನಿಟರ್ ತುಂಬಾ ಕೋಡು. "ಕಂಟ್ರೋಲರ್ ಹೋಗಿದೆ ಸಾರ್, ಹಳೇದು ಒಂದು ಕೊಡಿಸ್ತೀನಿ, 1,60,000 ಆಗುತ್ತೆ" ಅಂದ. ಕಂಟ್ರೋಲರ್ ಅಂದ್ರೆ ಮಷೀನಿನ ಕಂಪ್ಯೂಟರು. ದುಡ್ಡಿರ್ಲಿಲ್ಲ, ಅದಕ್ಕೇ ಉಳ್ಕೊಂಡೆ.

ಕೊನೆಗೆ ಪರಿಚಯದವರೊಬ್ಬರು ಡಿಪ್ಲೊಮಾ ಓದಿರೋ ಒಬ್ಬ ಹುಡುಗನ್ನ ಕಳಿಸಿದ್ರು. ಅವನು ಸ್ಪ್ಯಾನರ್ ಮುಟ್ಟೋಕೆ ಮುಂಚೆ ಆಪರೇಟರ್ ಹತ್ರ ಅರ್ಧ ಗಂಟೆ ಮಾತಾಡ್ದ. ಯಾವಾಗ ಸ್ಲೋ ಆಗುತ್ತೆ, ಎಲ್ಲಾ ಒಟ್ಟಿಗಾ ಇಲ್ಲ ಒಂದು ಕಡೆ ಮಾತ್ರನಾ, ಹಳ್ಳ ದಿಣ್ಣೆ ಮೇಲೆ ಹತ್ತಿಸಿದಾಗ ಬರುತ್ತಾ, ಬರೀ ನಿಂತಿದ್ರೂ ಬರುತ್ತಾ. ಆಮೇಲೆ ಮಾನಿಟರಿನ ಸರ್ವೀಸ್ ಮೆನುಗೆ ಹೋಗಿ ಹಳೇ ಕೋಡುಗಳನ್ನ ತೆಗೆದ, ಎಲೆಕ್ಟ್ರಿಷಿಯನ್ ಮಾಡಿಟ್ಟ ಹೊಸ ಕೋಡುಗಳ ಕೆಳಗಡೆ ಒಂದೇ ಕೋಡು ಸುಮಾರು ಸಲ ರೆಕಾರ್ಡಾಗಿ ಕೂತಿತ್ತು, ಪಂಪ್ ಸೊಲೆನಾಯ್ಡ್ ಸರ್ಕ್ಯೂಟ್ ಓಪನ್ ಅಂತ, ಅಂದ್ರೆ ಪಂಪ್ ಮೇಲಿರೋ ಕರೆಂಟ್ ವಾಲ್ವಿನ ಲೈನ್ ಎಲ್ಲೋ ಕಟ್ಟಾಗಿದೆ ಅಂತ. ಪಂಪ್ ಬಿಚ್ಚಿಸೋಕೆ ಮುಂಚೆಯಿಂದ್ಲೂ ಅದು ಅಲ್ಲೇ ಇತ್ತು!

ಮೊದಲು 5 ವೋಲ್ಟ್ ಸರಿ ಮಾಡ್ದ. ಸೆನ್ಸರ್ ಕನೆಕ್ಟರ್ ಒಂದೊಂದೇ ಕಳಚ್ತಾ ಮೀಟರ್ ನೋಡ್ತಾ ಹೋದ, ಮೂರನೇದು ಕಳಚಿದ ತಕ್ಷಣ 5 ವೋಲ್ಟ್ ವಾಪಸ್ ಬಂತು. ಕಂಟ್ರೋಲರಿಗೆ ಏನೂ ಆಗಿರ್ಲಿಲ್ಲ, ಆ ಒಂದು ಸೆನ್ಸರ್ ಹೊಸದು ಹಾಕಿದ್ರೆ ಮುಗೀತು.

ಆಮೇಲೆ ನನಗೆ ಕೂರಿಸಿ ಬಿಡಿಸಿ ಹೇಳ್ದ. ಪಂಪ್ ಎಷ್ಟು ಎಣ್ಣೆ ಕೊಡಬೇಕು ಅಂತ ಕಂಟ್ರೋಲರ್ ತೀರ್ಮಾನ ಮಾಡುತ್ತೆ, ಪಂಪ್ ಮೇಲಿರೋ ಪ್ರಪೋರ್ಷನಲ್ ಸೊಲೆನಾಯ್ಡಿಗೆ ಅಳತೆ ಮಾಡಿ ಕರೆಂಟ್ ಕೊಡುತ್ತೆ, ಬರೀ ಕೆಲವು ನೂರು ಮಿಲಿಆಂಪ್ಸು. ನನ್ನ ಮಷೀನಲ್ಲಿ ಆ ಕರೆಂಟ್ ಕಟ್ಟಾದ್ರೆ ಪಂಪ್ ಸಣ್ಣ ಅಳತೆಗೆ ಹೋಗಿಬಿಡುತ್ತೆ, ಇಂಜಿನ್ ಸ್ಟಾಲ್ ಆಗದೆ ಇರ್ಲಿ ಅಂತ. ಕೆಲವು ಮಷೀನಲ್ಲಿ ಉಲ್ಟಾ, ಕರೆಂಟ್ ಹೋದ್ರೆ ಪಂಪ್ ಪೂರ್ತಿ ತೆರ್ಕೊಂಡು ಇಂಜಿನ್ ಒದ್ದಾಡಿ ಹೊಗೆ ಬಿಡುತ್ತೆ, ಅದನ್ನ ನೋಡಿ ಡೀಸಲ್ ಪಂಪ್ ಬಿಚ್ಚಿಸಿದವರೂ ಇದಾರಂತೆ. ಅಂದ್ರೆ ಕೆಟ್ಟಿರೋದು ಕರೆಂಟು, ಕಾಣ್ಸೋದು ಹೈಡ್ರಾಲಿಕ್ಕು.

ಸೊಲೆನಾಯ್ಡ್ ಕಾಯಿಲಿನ ಓಮ್ಸ್ (ರೆಸಿಸ್ಟೆನ್ಸ್) ನೋಡ್ದ, ಮ್ಯಾನ್ಯುಯಲಲ್ಲಿ ಇರೋಷ್ಟೇ ಇತ್ತು. ವೈರ್ ಬೀಪ್ ಟೆಸ್ಟ್ ಮಾಡ್ದ, ಬೀಪ್ ಬಂತು. ಸರಿಯಾಗಿದೆ ಅಂತ ನಾನು ಮತ್ತೆ ಕುಸಿದುಹೋದೆ. ಅವನು "ಅಂಕಲ್, ತಣ್ಣಗೆ ನಿಂತಿರೋವಾಗ ಬೀಪ್ ಬಂದೇ ಬರುತ್ತೆ, ಎರಡು ಎಳೆ ತಾಮ್ರ ತಾಗ್ತಿದ್ರೂ ಸಾಕು, ಫಾಲ್ಟ್ ಬರೋ ಟೈಮಲ್ಲೇ ಅಳೀಬೇಕು" ಅಂತ ಮೀಟರನ್ನ ಆ ಲೈನಿಗೆ ಸೀರೀಸಲ್ಲಿ ಹಾಕಿ ಉದ್ದ ವೈರ್ ಎಳೆದು ಕ್ಯಾಬಿನ್ನಲ್ಲಿಟ್ಟು ಕೆಲಸ ಶುರು ಮಾಡಿಸ್ದ. ಎರಡು ಗಂಟೆ ಹೊತ್ತು 400 ಮಿಲಿಆಂಪ್ ಆಸುಪಾಸು ಓಡಾಡ್ತಿತ್ತು. ಹತ್ತು ಗಂಟೆ ಹತ್ರ ಬೂಮ್ ಸ್ಲೋ ಆಯ್ತು, ಮೀಟರ್ ಸೊನ್ನೆ. ಇಂಜಿನ್ ಆಫ್ ಮಾಡಿಸಿ, ಕೀ ಮಾತ್ರ ಆನ್ ಇಟ್ಟು ಪಂಪ್ ಹಿಂದಿನ ವೈರಿಂಗ್ ಕಟ್ಟನ್ನ ಕೈಯಲ್ಲಿ ಅಲ್ಲಾಡಿಸ್ತಾ ಬಂದ, ಒಂದು ಬ್ರಾಕೆಟ್ ಹತ್ರ ಮುಟ್ಟಿದ ಕೂಡ್ಲೇ ಕರೆಂಟ್ ಬಂತು. ಟೇಪ್ ಬಿಚ್ಚಿದ್ರೆ ಒಳಗೆ ವೈರ್ ಸಿಪ್ಪೆ ಹೋಗಿ ತಾಮ್ರ ಹಸಿರಾಗಿದೆ, ಎರಡು ಮೂರು ಎಳೆ ಮಾತ್ರ ಉಳ್ಕೊಂಡಿದೆ. ಹಿಂದಿನ ವರ್ಷ ಹೋಸ್ ಬದಲಾಯಿಸಿದಾಗ ರಬ್ಬರ್ ಕ್ಲಾಂಪ್ ವಾಪಸ್ ಹಾಕಿರ್ಲಿಲ್ಲ, ಆವತ್ತಿಂದ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಆಗಿದ್ದು.

ಒಂದು ಗೇಣುದ್ದ ಹೊಸಾ ವೈರ್ ಸೇರಿಸಿದ, ಪಿನ್ ಚುಚ್ಚಿದ ಜಾಗಗಳಿಗೆಲ್ಲಾ ನೀರು ಹೋಗದಂಗೆ ಮುಚ್ಚಿದ, ಕ್ಲಾಂಪ್ ಹಾಕ್ದ. ಸೆನ್ಸರ್ ದುಡ್ಡು ಬಿಟ್ಟು 4,000 ತಗೊಂಡ, ಅದನ್ನೂ ಕೇಳೋಕೆ ಹಿಂಜರಿದ.

ಅವನು ಹೋಗೋವಾಗ ಇನ್ನೊಂದೆರಡು ಹೇಳಿ ಹೋದ, ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸೋವಾಗ ಬ್ಯಾಟ್ರಿ ನೆಗೆಟಿವ್ ಕಳಚದೆ ಮಾಡಿಸಬೇಡಿ, ವೆಲ್ಡಿಂಗ್ ಅರ್ಥ್ ಕೆಲಸದ ಜಾಗಕ್ಕೇ ಹತ್ರ ಕಚ್ಚಿಸಿ, ವಾಟರ್ ಸರ್ವೀಸ್ ಮಾಡಿಸೋವಾಗ ಕನೆಕ್ಟರ್ ಮೇಲೆ ನೇರ ಪ್ರೆಷರ್ ಹೊಡಿಸಬೇಡಿ. ಮಳೆಗಾಲದಲ್ಲಿ ಮಷೀನ್ ನಿಲ್ಲಿಸಿದ್ರೆ ವೈರ್ ಕಡಿಯೋ ಇಲಿ ಕಾಟ ಬೇರೆ.

ನಿಮ್ಮ ಮಷೀನ್ ತಿಂಗಳಾನುಗಟ್ಟಲೆ ಸ್ವಲ್ಪಸ್ವಲ್ಪವೇ ಸೋತ್ಕೊಂಡು ಬಂದಿದ್ರೆ ಪಂಪ್ ಇರಬಹುದು. ಇವತ್ತು ಚೆನ್ನಾಗಿದ್ದು ತಟ್ಟಂತ ಬಿದ್ದು ಕೀ ತಿರುಗಿಸಿದ್ರೆ ಎದ್ದು ಬಂದ್ರೆ ದಯವಿಟ್ಟು ಮೀಟರ್ ಹಿಡ್ಕೊಂಡಿರೋರನ್ನ ಮೊದಲು ಕರೀರಿ, ಕೋಡ್ ಫೋಟೋ ತೆಗೆದಿಟ್ಕೊಳಿ, ಪಂಪ್ ಬಿಚ್ಚಲೇಬೇಕು ಅಂದ್ರೆ ಅಳತೆ ಎಷ್ಟು ಬಂತು ಅಂತ ಬರೆಸ್ಕೊಳಿ. ಹಳೇ ಪಾರ್ಟ್ಸ್ ಮರೀದೆ ವಾಪಸ್ ಇಸ್ಕೊಳಿ. ನಾನು ಇಸ್ಕೊಂಡಿರ್ಲಿಲ್ಲ, ಆಮೇಲೆ ಕೇಳಿದ್ರೆ ಗುಜರಿಗೆ ಹಾಕಿದ್ವಿ ಅಂದ್ರು, ನನ್ನ ಪಂಪ್ ನಿಜವಾಗ್ಲೂ ಸವೆದಿತ್ತೋ ಇಲ್ವೋ ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ.