ನದಿ ಮಂಡಳಿಯೋ, ನ್ಯಾಯಾಧಿಕರಣವೋ?

ಅಂತರರಾಜ್ಯ ನದಿಯ ನೀರಿಗಾಗಿ ಯಾವ ದಾರಿ ಹಿಡಿಯಬೇಕೆಂದು ರಾಜ್ಯವೊಂದು ಯೋಚಿಸುವಾಗ 1956ರ ಎರಡು ಕಾಯ್ದೆಗಳು ಎದುರಾಗುತ್ತವೆ. ನದಿ ಮಂಡಳಿ ಕಾಯ್ದೆಯು ಇಡೀ ಕಣಿವೆಯ ಸಮಗ್ರ ಯೋಜನೆಗೆ ಅವಕಾಶ ಕೊಡುತ್ತದಾದರೂ ಮಂಡಳಿಯ ಮಾತು ಸಲಹೆಯಷ್ಟೇ. ಮೇಲಾಗಿ ಅದರಡಿ ಒಂದು ಮಂಡಳಿಯೂ ರಚನೆಯಾಗಿಲ್ಲ. ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆಯಡಿ ರಚನೆಯಾಗುವ ನ್ಯಾಯಾಧಿಕರಣದ ತೀರ್ಪಿಗಾದರೋ, 2002ರ ತಿದ್ದುಪಡಿಯ ಬಳಿಕ, ಸುಪ್ರೀಂ ಕೋರ್ಟಿನ ಡಿಕ್ರಿಯ, ಅಂದರೆ ಪಾಲಿಸಲೇಬೇಕಾದ ಆದೇಶದ, ಬಲವಿದೆ. ತೊಡಕಿರುವುದು ಕಾಲದಲ್ಲಿ: 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಾಧಿಕರಣವು ಅಂತಿಮ ತೀರ್ಪು ನೀಡಿದ್ದು 2007ರಲ್ಲಿ, ಅದರಲ್ಲಿ ಕರ್ನಾಟಕಕ್ಕೆ ದೊರೆತ 270 ಟಿಎಂಸಿ ಪಾಲು 284.75 ಟಿಎಂಸಿಗೆ ಏರಲು 2018ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೂ ಕಾಯಬೇಕಾಯಿತು. ವಿವಾದ ಈಗಾಗಲೇ ಬಲಿತಿದ್ದರೆ ನ್ಯಾಯಾಧಿಕರಣವನ್ನೇ ಆರಿಸಿಕೊಳ್ಳಬೇಕು. ನೆರೆ ರಾಜ್ಯದೊಡನೆ ಮಾತುಕತೆ ಇನ್ನೂ ನಡೆಯುತ್ತಿದ್ದರೆ, ನನ್ನ ಮಟ್ಟಿಗೆ, ಕಾಗದದಲ್ಲೇ ಉಳಿದ ಮಂಡಳಿಗಿಂತ ಲಿಖಿತ ಒಪ್ಪಂದವೇ ಮೇಲು.