ಥೆರಪಿ ಗುಂಪೋ, ಬೆಂಬಲ ಗುಂಪೋ?

ಅಮೆರಿಕದಲ್ಲಿ ಕಪ್ಪು, ಕಂದು ಮೈಬಣ್ಣದ ಹೆಂಗಸರಿಗೆಂದೇ, ಮನಸ್ಸಿನ ಕಷ್ಟಕ್ಕೆ ನೆರವಾಗುವ ಎರಡು ಬಗೆಯ ಗುಂಪುಗಳಿವೆ. ಅಲ್ಲಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳೂ ಸೇರಬಹುದು. ಆದರೆ ಎರಡೂ ಒಂದೇ ಅಂದುಕೊಂಡು ಸುಮ್ನೆ ಸೇರಬೇಡಿ.

ಗ್ರೂಪ್ ಥೆರಪಿಯನ್ನು, ಅಂದರೆ ಗುಂಪಿನಲ್ಲಿ ಕೊಡುವ ಮನೋಚಿಕಿತ್ಸೆಯನ್ನು, ಲೈಸೆನ್ಸ್ ಇರುವ ಥೆರಪಿಸ್ಟ್ ನಡೆಸುತ್ತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಒಂದು ಒಂದೂವರೆ ಗಂಟೆ. ಫೀಸು ಇದೆ, ಕೆಲವು ಇನ್ಶೂರೆನ್ಸ್ ಭರಿಸುತ್ತವೆ. ಆನ್‌ಲೈನ್ ಆದರೆ, ನೀವಿರುವ ರಾಜ್ಯದ ಲೈಸೆನ್ಸ್ ಅವರಿಗಿದೆಯೇ ಕೇಳಿ.

ಬೆಂಬಲ ಗುಂಪು ಹಾಗಲ್ಲ. ಅದೇ ಕಷ್ಟ ಕಂಡವರು ಕೂತು ಮಾತಾಡುತ್ತಾರೆ. ಹೆಚ್ಚಾಗಿ ಉಚಿತ. ಆಫೀಸಿನಲ್ಲಿ ನಿಮ್ಮ ಹೆಸರನ್ನು ದಿನವೂ ತಪ್ಪಾಗಿ ಕರೆಯುವುದು, ‘ನಾಲ್ಕು ಜನ ಏನಂತಾರೆ’ ಅನ್ನುವ ಅಂಜಿಕೆ, ಊರಿಂದ ಬರುವ ಅತ್ತೆಯ ಫೋನು, ಇದನ್ನೆಲ್ಲ ಮೊದಲಿಂದ ಬಿಡಿಸಿ ಹೇಳಬೇಕಿಲ್ಲ. ಆ ನಿರಾಳವೇ ಎಷ್ಟೋ ಸಲ ದೊಡ್ಡದು, ಅಲ್ವಾ? ಆದರೆ ಖಿನ್ನತೆ, ಹಳೆಯ ಆಘಾತ ಇದ್ದರೆ ಇದಷ್ಟೇ ಸಾಲದು. ಥೆರಪಿ ಬೇಕೇ ಬೇಕು ಅನ್ನುತ್ತೇನೆ ನಾನು.

ಗುಟ್ಟು ಕಾಯುವ ವಿಚಾರದಲ್ಲಿ ಥೆರಪಿಸ್ಟ್ ಕಾನೂನಿಗೆ ಬದ್ಧರು; ಗುಂಪಿನ ಉಳಿದವರು ಕೊಟ್ಟ ಮಾತಿಗಷ್ಟೇ. ಕನ್ನಡ ಕೂಟದ ಪರಿಚಯದವರು ಎದುರಾಗುವ ಭಯ ಜಾಸ್ತಿ ಇದ್ದರೆ, ಬೇರೆ ಬೇರೆ ಸಮುದಾಯದವರಿರುವ ಗುಂಪೇ ಮೇಲು.

ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಯಾವ ಗುಂಪೆಂದು ತೂಗುತ್ತಾ ಕೂರಬೇಡಿ. ದಕ್ಷಿಣ ಏಷ್ಯಾದ ಹೆಂಗಸರಿಗೆಂದೇ ನ್ಯೂಜೆರ್ಸಿಯಲ್ಲಿ 1985ರಿಂದ ‘ಮಾನವಿ’, ನ್ಯೂಯಾರ್ಕಿನಲ್ಲಿ 1989ರಿಂದ ‘ಸಖಿ’, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 1991ರಿಂದ ‘ಮೈತ್ರಿ’ ಎಂಬ ನೆರವಿನ ಸಂಸ್ಥೆಗಳಿವೆ. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಿ.